ತವರಿನಿಂದ ಬಂದ ಸೌದೆ ಮಿಷನ್ನು

ಮಿಕ್ಸಿಯ ಗುಂಡಿ ತಿರುಗಿಸುವ ಮೊದಲು ನಾನು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತೇನೆ. ಬಳೆಗಳನ್ನು ಮೊಣಕೈಯತ್ತ ಏರಿಸುತ್ತೇನೆ. ಆಮೇಲೆ ಆಚೀಚೆ ನೋಡಿ, "ಕೈ ತೆಗೀರಿ" ಎಂದು ಗಟ್ಟಿಯಾಗಿ ಹೇಳುತ್ತೇನೆ. ಆ ಹೊತ್ತಿನಲ್ಲಿ ಅಡುಗೆಮನೆಯಲ್ಲಿ ನನ್ನನ್ನು ಬಿಟ್ಟರೆ ಬೇರೆ ನರಪಿಳ್ಳೆಯೂ ಇರುವುದಿಲ್ಲ. ನನ್ನ ಸೊಸೆಗೆ ಇದನ್ನು ಕಂಡರೆ ನಗು. "ಅತ್ತೆ, ಚಟ್ನಿಗೇ ಇಷ್ಟು ಬಂದೋಬಸ್ತಾದ್ರೆ ದೋಸೆಗೆ ರುಬ್ಬೋ ದಿನ ಪೊಲೀಸ್ನೋರ್ನ ಕರೆಸ್ಬೇಕಾಗುತ್ತೆ" ಎನ್ನುತ್ತಾಳೆ. ನಾನೂ ಬಿಡುವವಳಲ್ಲ. "ನೀನು ಗುಂಡಿ ಒತ್ತೋ ಕಾಲದವಳು ಕಣಮ್ಮ. ನಾನು ಹ್ಯಾಂಡಲ್ ಹೊಡೆದು ಎಂಜಿನ್ ಎಬ್ಬಿಸಿದವಳು" ಎನ್ನುತ್ತೇನೆ. ಹೀಗೆ ಹೇಳುವಾಗ ನನ್ನ ಎದೆ ಒಂದಿಷ್ಟು ಉಬ್ಬುತ್ತದೆ. ಉಬ್ಬಲಿ ಬಿಡಿ, ಈ ವಯಸ್ಸಿನಲ್ಲಿ ಉಬ್ಬುವುದಕ್ಕೆ ಬೇರೆ ಏನಿದೆ?

ನನ್ನ ಗಂಡನ ಮನೆಯವರದು ಶಿವಮೊಗ್ಗದಲ್ಲಿ ಸೌದೆ ಡಿಪೋ. ಗಾಂಧಿ ಬಜಾರಿನಿಂದ ಕೂಗಳತೆ ದೂರ. ಮುಂದೆ ಡಿಪೋ, ಹಿಂದೆ ಮನೆ. ಆಗ ಊರಿನ ಒಲೆಗಳೆಲ್ಲ ಸೌದೆ ತಿಂದೇ ಬದುಕುತ್ತಿದ್ದವು. ಹೋಟೆಲಿನವರಿಗೆ ಕೆಂಡ ನಿಲ್ಲುವ ಜಾಲಿ ಬೇಕು, ಮನೆಯವರಿಗೆ ಬೇಗ ಹತ್ತುವ ಸಣ್ಣ ಸೀಳು ಬೇಕು, ಬಾಣಂತಿ ಇರುವ ಮನೆಯವರು ಹೊಗೆ ಬಾರದ್ದನ್ನು ಕೊಡಿ ಎಂದು ಗೋಗರೆಯುವರು. ನಮ್ಮ ಅತ್ತೆ ಪಕ್ಕದ ಬೀದಿಯ ಹೊಗೆಯ ವಾಸನೆ ಹಿಡಿದು, "ಅವರ ಮನೇಲಿ ಇವತ್ತು ಮಾವಿನ ಸೌದೆ. ನಮ್ಮಲ್ಲಿ ತಗೊಂಡಿದ್ದಲ್ಲ" ಎಂದು ತೀರ್ಪು ಕೊಡುತ್ತಿದ್ದರು. ಬೇರೆ ಡಿಪೋದ ಸೌದೆ ಉರಿಸಿದವರನ್ನು ಅವರು ಸುಲಭಕ್ಕೆ ಕ್ಷಮಿಸುತ್ತಿರಲಿಲ್ಲ.

ನಾನು ಭದ್ರಾವತಿಯವಳು. ಅಪ್ಪ ಅಲ್ಲಿನ ಕಾರ್ಖಾನೆಯಲ್ಲಿ ಫಿಟ್ಟರ್. ಸೈರನ್ನಿಗೆ ಏಳುವುದು, ಸೈರನ್ನಿಗೆ ಉಣ್ಣುವುದು. ಒಣಹಾಕಿದ ಬಿಳಿ ಸೀರೆ ಸಂಜೆಗೆ ಬೂದಿಬಣ್ಣಕ್ಕೆ ತಿರುಗಿದರೆ ಎದುರುಮನೆಯ ತಮಿಳು ಅಮ್ಮ ಚಿಮಣಿಯ ಕಡೆ ತಿರುಗಿ ಅದರ ವಂಶವನ್ನೆಲ್ಲ ಬೈಯುತ್ತಿದ್ದರು. ಅವರ ಬೈಗುಳದಿಂದಲೇ ನಾನು ತಮಿಳು ಕಲಿತೆ. ಹಾಗಾಗಿ ಇವತ್ತಿಗೂ ಆ ಭಾಷೆಯಲ್ಲಿ ಜಗಳವಾಡಲು ಬರುತ್ತದೆಯೇ ಹೊರತು ಕುಶಲ ವಿಚಾರಿಸಲು ಬರುವುದಿಲ್ಲ. ಭಾನುವಾರ ಅಪ್ಪ ಅಂಗಳದಲ್ಲಿ ಗೋಣಿಚೀಲ ಹಾಸಿ ಯಾರದಾದರೂ ಸೈಕಲ್ಲನ್ನೋ ಪಂಪನ್ನೋ ಬಿಚ್ಚಿ ಕೂರುತ್ತಿದ್ದ. ಪಾನಾ ಎತ್ತಿಕೊಡುವ ಕೆಲಸ ನನ್ನದು. ಯಾವ ನಟ್ಟಿಗೆ ಯಾವ ಪಾನಾ ಎಂದು ನೋಡದೆಯೇ ಹೇಳುವಷ್ಟು ಪಳಗಿದ್ದೆ. ಮದುವೆಯಾಗಿ ಬಂದಾಗ ನನಗೆ ಗೊತ್ತಿದ್ದ ವಿದ್ಯೆ ಅದೊಂದೇ. ನಾನು ತಟ್ಟಿದ ಮೊದಲ ಹೋಳಿಗೆಯನ್ನು ನೋಡಿ ಅತ್ತೆ, "ಇದು ಯಾವ ಜಿಲ್ಲೆ ನಕ್ಷೆನೇ?" ಎಂದು ಕೇಳಿದ್ದರು.

ನಾನು ಬಂದದ್ದು ಅರವತ್ತರ ದಶಕದ ಮೊದಲ ವರ್ಷಗಳಲ್ಲಿ. ಡಿಪೋದಲ್ಲಿ ಕೊಡಲಿ ಹಿಡಿದು ಸೌದೆ ಸೀಳುತ್ತಿದ್ದ ಆಳುಗಳು ಒಬ್ಬೊಬ್ಬರಾಗಿ ಭದ್ರಾವತಿಯ ಕಾರ್ಖಾನೆ ಕೆಲಸಕ್ಕೆ ಹೊರಟುಹೋಗುತ್ತಿದ್ದ ಕಾಲ ಅದು. ಒಮ್ಮೆ ಅಪ್ಪ ನನ್ನನ್ನು ನೋಡಲು ಬಂದಾಗ ಮಾವ ಅರ್ಧ ತಮಾಷೆಗೆ, ಅರ್ಧ ಸಂಕಟಕ್ಕೆ ಹೇಳಿದರು: "ನಿಮ್ಮೂರು ನಮ್ಮ ಆಳುಗಳನ್ನೆಲ್ಲ ನುಂಗಿಹಾಕ್ತಿದೆಯಲ್ಲ ಬೀಗರೇ."

ಅಪ್ಪನಿಗೆ ಅದು ನಾಟಿತು. "ಹಂಗಾದ್ರೆ ನಮ್ಮೂರಿಂದಲೇ ಒಂದು ಆಳು ಕಳಿಸ್ತೀನಿ, ಇರಿ" ಎಂದು ಹೋದ.

ಕೆಲವು ತಿಂಗಳ ನಂತರ ಆ ಆಳು ಎತ್ತಿನ ಗಾಡಿಯ ಮೇಲೆ ಗೋಣಿಚೀಲ ಹೊದ್ದು ಮಲಗಿಕೊಂಡು ಬಂತು. ಕಾಫಿ ತೋಟವೊಂದರಲ್ಲಿ ನೀರೆತ್ತಿ ದಣಿದಿದ್ದ ಹಳೆಯ ಎಂಜಿನ್ನು, ಗುಜರಿಯಲ್ಲಿ ಆರಿಸಿದ ಗಾಲಿಗಳು, ಹಲ್ಲುಚಕ್ರಗಳು. ಅಪ್ಪ ರಜೆಯ ದಿನಗಳನ್ನೆಲ್ಲ ಸುರಿದು ಇವನ್ನು ಒಂದು ಉದ್ದನೆಯ ಕಬ್ಬಿಣದ ತೊಟ್ಟಿಗೆ ಜೋಡಿಸಿದ್ದ. ತೊಟ್ಟಿಯ ಒಂದು ತುದಿಯಲ್ಲಿ ಗಟ್ಟಿ ತಡೆ, ಇನ್ನೊಂದು ತುದಿಯಿಂದ ಹಿಂದೆ ಮುಂದೆ ಸರಿಯುವ ಉಕ್ಕಿನ ಬೆಣೆ. ನಡುವೆ ದಿಮ್ಮಿ ಮಲಗಿಸಿ ಪಕ್ಕದ ಸನ್ನೆಗೋಲನ್ನು ಮುಂದಕ್ಕೆ ತಳ್ಳಿದರೆ ಬೆಲ್ಟು ಕೆಲಸದ ಗಾಲಿಗೆ ಏರುತ್ತಿತ್ತು, ಬೆಣೆ ನಿಧಾನವಾಗಿ ಬಂದು ದಿಮ್ಮಿಯನ್ನು ಸೀಳುತ್ತಿತ್ತು. ಸನ್ನೆಗೋಲನ್ನು ಹಿಂದಕ್ಕೆ ಎಳೆದರೆ ಬೆಲ್ಟು ಖಾಲಿ ಗಾಲಿಗೆ ಜಾರಿ, ಎಂಜಿನ್ನು ಓಡುತ್ತಿದ್ದರೂ ಬೆಣೆ ಇದ್ದಲ್ಲೇ ನಿಲ್ಲುತ್ತಿತ್ತು.

ಬಜಾರಿನವರು ನೋಡಲು ಬಂದರು. "ಸೊಸೆ ಜೊತೆ ಹಸು ಕೊಡೋದು ಕೇಳಿದ್ವಿ, ಎಂಜಿನ್ ಕೊಡೋದು ಇದೇ ಮೊದಲು" ಎಂದು ನಕ್ಕರು. ಮಾವ ನಗಲಿಲ್ಲ, ಮುಖವನ್ನೂ ಅರಳಿಸಲಿಲ್ಲ. "ನೋಡೋಣ" ಎಂದರು. ನನಗೆ ಮಾತ್ರ ಅಂಗಳದಲ್ಲಿ ನಿಂತದ್ದು ಬರೀ ಮಿಷನ್ನಲ್ಲ, ಅದು ನನ್ನ ತವರು. ಅದು ಕೈಕೊಟ್ಟರೆ ಅಪ್ಪನ ಹೆಸರು ಈ ಬೀದಿಯಲ್ಲಿ ಏನಾಗುತ್ತದೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಅಪ್ಪ ಮೊದಲು ಕಲಿಸಲು ಕೂತದ್ದು ಅಳಿಯನಿಗೆ. ನಮ್ಮ ಯಜಮಾನರು ಒಳ್ಳೆಯವರು, ಮಾತುಗಾರರು. ಅವರ ಕಷ್ಟ ಅದೇ. ಎಂಜಿನ್ ಓಡುತ್ತಿರುವಾಗಲೇ ರಸ್ತೆಯಲ್ಲಿ ಹೋಗುವವರನ್ನು ಕೂಗಿ ಮಾತಾಡಿಸುವರು. ಒಂದು ಕೈ ಸನ್ನೆಗೋಲಿನ ಮೇಲೆ, ಇನ್ನೊಂದು ಕೈ ಗಾಳಿಯಲ್ಲಿ ರಾಜಕೀಯ ವಿವರಿಸುತ್ತಾ! ಅಪ್ಪ ಎರಡು ದಿನ ನೋಡಿ, ಮೂರನೆಯ ದಿನ ಮಾವನ ಎದುರು ಕೈಮುಗಿದ. "ತಪ್ಪು ತಿಳೀಬೇಡಿ ಬೀಗರೇ. ಇದನ್ನ ನಮ್ಮ ಹುಡುಗಿ ಕೈಗೆ ಕೊಡಿ. ಅವಳಿಗೆ ಮಿಷನ್ ಮುಂದೆ ಮಾತಾಡೋ ಚಟ ಇಲ್ಲ."

ಮಾವ ಹುಬ್ಬು ಗಂಟಿಕ್ಕಿದರು. ಆಗ ಒಳಗಿನಿಂದ ಅತ್ತೆಯ ದನಿ ಬಂತು: "ಕೊಡಿ ಕೊಡಿ. ಇವಳು ಹೋಳಿಗೆ ತಟ್ಟೋದಕ್ಕಿಂತ ಸೌದೆ ಸೀಳೋದೇ ಎಲ್ಲರಿಗೂ ಕ್ಷೇಮ." ನನ್ನ ಪರವಾಗಿ ಅಷ್ಟು ದೊಡ್ಡ ಶಿಫಾರಸ್ಸು ಆಮೇಲೆ ಯಾರೂ ಮಾಡಿಲ್ಲ.

ಆ ಎಂಜಿನ್ನಿನ ಗತ್ತನ್ನು ನೀವು ನೋಡಬೇಕಿತ್ತು. ಏಳುವುದಕ್ಕೆ ಅದಕ್ಕೆ ಪೆಟ್ರೋಲೇ ಆಗಬೇಕು. ಮೈ ಬಿಸಿಯಾದ ಮೇಲೆ ಸೀಮೆಎಣ್ಣೆಗೂ ಒಪ್ಪುತ್ತಿತ್ತು. ಪೆಟ್ರೋಲಿಗೆ ಪುಟ್ಟ ಡಬ್ಬಿ, ಸೀಮೆಎಣ್ಣೆಗೆ ದೊಡ್ಡ ಟ್ಯಾಂಕು, ನಡುವೆ ತಿರುಗಿಸುವ ನಲ್ಲಿ. ಹ್ಯಾಂಡಲ್ ಹೊಡೆಯುವಾಗ ಹೆಬ್ಬೆರಳನ್ನು ಹಿಡಿಯ ಸುತ್ತ ಬಳಸಬಾರದು, ಉಳಿದ ಬೆರಳುಗಳ ಪಕ್ಕದಲ್ಲೇ ಇಟ್ಟುಕೊಳ್ಳಬೇಕು. ಎಂಜಿನ್ ಸಿಟ್ಟಿನಲ್ಲಿ ಹಿಂದಕ್ಕೆ ಒದ್ದರೆ ಹಿಡಿ ಸುಮ್ಮನೆ ಜಾರಿಹೋಗಬೇಕು, ಮಣಿಕಟ್ಟು ಮುರಿಯಬಾರದು. ಬಿಸಿ ಇರುವಾಗ ಎಣ್ಣೆ ತುಂಬುವಂತಿಲ್ಲ, ತುಂಬುವಾಗ ಬೀಡಿ ಸೇದುವವರು ಬೀದಿಯ ಆಚೆ ನಿಲ್ಲಬೇಕು. ಸೀಮೆಎಣ್ಣೆಯನ್ನು ನಾನು ಮಾವನ ಹಳೆಯ ಪಂಚೆಯಲ್ಲಿ ಸೋಸುತ್ತಿದ್ದೆ. ಹಾಲು ಸೋಸುವಷ್ಟು ಭಕ್ತಿಯಿಂದ ಸೋಸುತ್ತಿದ್ದೆ ಎಂದರೂ ಸುಳ್ಳಲ್ಲ. ಸಂಜೆ ಬೆಣೆ ಒರೆಸಿ ಎಣ್ಣೆ ಸವರುವುದು, ಬೆಲ್ಟಿನ ಹೊಲಿಗೆ ನೋಡುವುದು, ನಟ್ಟುಗಳನ್ನು ಬಿಗಿಮಾಡುವುದು. ದಿಮ್ಮಿಯನ್ನೂ ನೋಡದೆ ಇಡುವಂತಿಲ್ಲ. ಗಂಟಿದ್ದ ಹುಣಸೆ ದಿಮ್ಮಿ ಸೀಳುವಾಗ ಚೂರು ಸಿಡಿದು ಎಲ್ಲಿಗೆ ಹಾರುತ್ತದೋ ಹೇಳಲಾಗದು. ಅದಕ್ಕೇ ನಾನು ಎದುರಿಗೆ ನಿಲ್ಲದೆ ಪಕ್ಕಕ್ಕೆ ನಿಲ್ಲುತ್ತಿದ್ದೆ.

ಇವೆಲ್ಲಕ್ಕಿಂತ ಮುಖ್ಯವಾದದ್ದನ್ನು ಅಪ್ಪ ನನ್ನಿಂದ ಮತ್ತೆ ಮತ್ತೆ ಹೇಳಿಸಿದ್ದ. "ದಿಮ್ಮಿ ಇಡೋರೂ ಸನ್ನೆಗೋಲು ಹಿಡಿಯೋರೂ ಒಬ್ಬರೇ ಆಗಿರ್ಬೇಕು ಮಗಾ. ಒಬ್ರು ಇಟ್ಟು ಇನ್ನೊಬ್ರು ತಳ್ಳಿದ್ರೆ ಒಂದಲ್ಲ ಒಂದು ದಿನ ಕೈ ಹೋಗುತ್ತೆ. ಎಂಜಿನ್ ನಡುವೆ ನಿಂತ್ರೆ ಮೊದಲು ಸನ್ನೆಗೋಲು ಹಿಂದಕ್ಕೆ. ಮಿಕ್ಕಿದ್ದೆಲ್ಲ ಆಮೇಲೆ."

ನಮ್ಮ ಊರಿನಲ್ಲಿ ಈ ನಿಯಮ ನಡೆಸುವುದು ಎಷ್ಟು ಕಷ್ಟ ಎಂದು ನಿಮಗೆ ಗೊತ್ತೇ ಇದೆ. ನಾವು ಸಹಾಯ ಮಾಡದೆ ಇರಲಾರದ ಜನ. ಯಾರಾದರೂ ಭಾರ ಎತ್ತುತ್ತಿದ್ದರೆ ದಾರಿಯಲ್ಲಿ ಹೋಗುವವರೂ ಚೀಲ ಕೆಳಗಿಟ್ಟು ಬಂದು ಒಂದು ಕೈ ಹಾಕುತ್ತಾರೆ. ಹೆಂಗಸೊಬ್ಬಳು ದಿಮ್ಮಿ ಹೊರಳಿಸುತ್ತಿದ್ದರಂತೂ ಕೇಳುವುದೇ ಬೇಡ. "ಇರಿ ತಾಯಿ, ನಾನು ಹಿಡ್ಕೋತೀನಿ" ಎಂದು ಬೆಣೆಯ ಬಾಯಿಗೇ ಕೈ ನೀಡುವರು. ಹಗ್ಗ ಕಟ್ಟಿ ನೋಡಿದೆ, ಹಗ್ಗ ಎತ್ತಿ ಒಳಗೆ ಬಂದರು. ಬೋರ್ಡು ಬರೆಸಿದೆ, ಬೋರ್ಡಿಗೆ ಒರಗಿ ನಿಂತು ಮಾತಾಡಿದರು. ಕೊನೆಗೆ ಒಂದು ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕಿ ಉಳಿದ ಪುಡಿಯಲ್ಲಿ ಮಿಷನ್ನಿನ ಸುತ್ತಲೂ ದೊಡ್ಡದಾಗಿ ಎಳೆ ಎಳೆದು ಬಳ್ಳಿ ಬಿಡಿಸಿದೆ. ಅಷ್ಟೇ. ಹಗ್ಗ ದಾಟಿದವರು ರಂಗೋಲಿ ತುಳಿಯಲಿಲ್ಲ. ಗಾಡಿ ಹೊಡೆಯುವವರು, ಹೋಟೆಲಿನವರು, ನಮ್ಮ ಯಜಮಾನರು, ಎಲ್ಲರೂ ಆ ಗೆರೆಯ ಆಚೆ ನಿಂತು ಕತ್ತು ಚಾಚುತ್ತಿದ್ದರು. ಆ ಉಪಾಯ ಹೊಳೆದದ್ದಕ್ಕೆ ನನಗೆ ನನ್ನ ಮೇಲೆಯೇ ಬಹಳ ದಿನ ಪ್ರೀತಿ ಇತ್ತು.

ಹೀಗೆ ಸುಖವಾಗಿ ನಡೆಯುತ್ತಿರುವಾಗ ಮೊದಲ ಆಯುಧಪೂಜೆ ಬಂತು. ಅತ್ತೆಯ ಸಂಭ್ರಮ ಹೇಳತೀರದು. ಕೊಡಲಿ, ತಕ್ಕಡಿ, ಗಾಡಿಗಳ ಜೊತೆಗೆ ಈ ಸಲ ಒಂದು ಎಂಜಿನ್ನು ಬೇರೆ. ವಿಭೂತಿಯನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ಸಿಕ್ಕಲ್ಲೆಲ್ಲ ಮೂರೆಳೆ ಬಳಿದರು, ನಡುವೆ ಕುಂಕುಮ ಇಟ್ಟರು, ಚೆಂಡು ಹೂವಿನ ಹಾರ ಹಾಕಿದರು. ಕುಂಬಳಕಾಯಿ ಒಡೆದೆವು. ಮರುದಿನ ವಿಜಯದಶಮಿ, ಮಿಷನ್ನಿಗೆ ರಜೆ.

ಅದರ ಮಾರನೆಯ ದಿನ ದೊಡ್ಡ ಕೆಲಸವಿತ್ತು. ಗಾಂಧಿ ಬಜಾರಿನ ಜವಳಿ ವ್ಯಾಪಾರಿಯೊಬ್ಬರ ಗೃಹಪ್ರವೇಶ ಮರುದಿನ ಬೆಳಿಗ್ಗೆ, ಬಜಾರಿಗೆಲ್ಲ ಊಟ. ಸಂಜೆಯೊಳಗೆ ಅವರ ಅಡುಗೆಯವರಿಗೆ ಗಾಡಿಗಟ್ಟಲೆ ಸೀಳಿದ ಸೌದೆ ಹೋಗಬೇಕು. ಮಾವ ಮಾತು ಕೊಟ್ಟಿದ್ದರು. ಅದೇ ಬೆಳಿಗ್ಗೆ ಅಪ್ಪ ಬೀಗರಿಗೆ ಬನ್ನಿ ಕೊಡಲೆಂದು ಭದ್ರಾವತಿಯಿಂದ ರೈಲಿನಲ್ಲಿ ಬಂದಿಳಿದ. ಹೊಸ ಅಂಗಿ, ಜೇಬಿನಲ್ಲಿ ಬನ್ನಿ ಎಲೆ. ಜಗಲಿಯ ಮೇಲೆ ಕೂರಿಸಿ ಕಾಫಿ ಕೊಟ್ಟೆವು.

ನಾನು ಹ್ಯಾಂಡಲ್ ಹೊಡೆದೆ. ಎಂಜಿನ್ ಎದ್ದಿತು. ಪೆಟ್ರೋಲಿನಲ್ಲಿ ಚೆನ್ನಾಗಿಯೇ ಓಡಿತು. ಸೀಮೆಎಣ್ಣೆಗೆ ತಿರುಗಿಸಿದೆ, ಒಂದಷ್ಟು ದಿಮ್ಮಿ ಸೀಳಿತು, ಆಮೇಲೆ ಕೆಮ್ಮಿ, ಬಿಕ್ಕಿ, ನಿಂತುಹೋಯಿತು. ಮತ್ತೆ ಎಬ್ಬಿಸಿದೆ, ಮತ್ತೆ ಅದೇ ಕತೆ. ಮಾವ ಜನ ಕಳಿಸಿ ಮೆಕ್ಯಾನಿಕ್ ಬಾಷಾ ಸಾಬರನ್ನು ಕರೆಸಿದರು. ಬಸ್ಸು, ಲಾರಿಗಳ ಎಂಜಿನ್ನುಗಳೆಲ್ಲ ಅವರ ಮಾತು ಕೇಳುತ್ತಿದ್ದವು. ಅವರು ಪ್ಲಗ್ಗು ಬಿಚ್ಚಿದರು, ಎಣ್ಣೆ ಹಾಯುವ ಸಣ್ಣ ಜೆಟ್ಟು ಊದಿದರು. "ಪ್ಲಗ್ಗೂ ಸಾಫ್, ಜೆಟ್ಟೂ ಸಾಫ್. ಪೆಟ್ರೋಲ್‌ನಲ್ಲಿ ಓಡತ್ತೆ ಅಂದ್ರೆ ನಿಮ್ಮ ಸೀಮೆಎಣ್ಣೇನೇ ಕಲಬೆರಕೆ ಅಮ್ಮಾ" ಎಂದರು. ಟ್ಯಾಂಕು ಖಾಲಿ ಮಾಡಿ ಬೇರೆ ಸೀಮೆಎಣ್ಣೆ ಸೋಸಿ ಹಾಕಿದೆವು. ಓಡಿತು. ಎಲ್ಲರೂ ಉಸಿರುಬಿಡುವಷ್ಟರಲ್ಲಿ ಮತ್ತೆ ನಿಂತಿತು.

ಈ ಹೊತ್ತಿಗೆ ಡಿಪೋದಲ್ಲಿ ಜಾತ್ರೆಯೇ ನೆರೆದಿತ್ತು. ವ್ಯಾಪಾರಿಯ ಕಡೆಯವರು ಬಂದು ಗಡಿಯಾರ ನೋಡುತ್ತಿದ್ದರು. ಮಾವ ಯಾರಿಗೂ ಹೇಳದಂತೆ, ಆದರೆ ಎಲ್ಲರಿಗೂ ಕೇಳುವಂತೆ ಹೇಳಿದರು: "ಸಂಜೆ ಒಳಗೆ ಕೆಲಸ ಆಗ್ಲಿಲ್ಲ ಅಂದ್ರೆ ನಾಳೆ ಇದನ್ನ ಗಾಡಿ ಮೇಲೆ ಹೇರಿ ಎಲ್ಲಿಂದ ಬಂತೋ ಅಲ್ಲಿಗೇ ಕಳಿಸೋದು."

ಜಗಲಿಯ ಮೇಲೆ ಅಪ್ಪನ ಕಾಫಿ ಆರುತ್ತಿತ್ತು. ನಾನು ಅವನತ್ತ ನೋಡಿದೆ. ಎದ್ದು ಬಂದು ಕೈಹಚ್ಚುತ್ತಾನೆ ಎಂದುಕೊಂಡೆ. ಅವನು ಕದಲಲಿಲ್ಲ. "ನೀನೇ ನೋಡು ಮಗಾ. ದಿನಾ ಅದರ ಜೊತೆ ಇರೋಳು ನೀನು" ಎಂದ. ನನಗೆ ಅಳು ಬಂತು, ಸಿಟ್ಟೂ ಬಂತು.

ಅವಸರದಲ್ಲಿ ಎಲ್ಲರ ಕಾಲಿಗೂ ಸಿಕ್ಕಿ ಬೆಳಗಿನ ರಂಗೋಲಿ ಅಳಿಸಿಹೋಗಿತ್ತು. ಗೆರೆಯೇ ಇಲ್ಲವೆಂದ ಮೇಲೆ ನಮ್ಮ ಜನ ಸುಮ್ಮನಿರುತ್ತಾರೆಯೇ? ಎಂಜಿನ್ ನಿಂತಾಗ ಒಂದು ಹುಣಸೆ ದಿಮ್ಮಿ ಅರ್ಧ ಸೀಳಿ ಬೆಣೆಗೆ ಕಚ್ಚಿಕೊಂಡಿತ್ತು. ನಾನು ಟ್ಯಾಂಕಿನ ಹತ್ತಿರ ಬಗ್ಗಿದ್ದೆ. ನಮ್ಮ ಯಜಮಾನರು ಹೆಂಡತಿಯ ತವರಿನ ಮಾನ ಉಳಿಸಲೆಂದೇ ಇರಬೇಕು, ಪಂಚೆ ಎತ್ತಿಕಟ್ಟಿ ಬಂದು ಆ ಸೀಳಿನೊಳಗೆ ಎರಡೂ ಕೈ ತೂರಿಸಿ ದಿಮ್ಮಿ ಎಳೆಯತೊಡಗಿದರು. ಆ ಬದಿಯಲ್ಲಿ, ಇದನ್ನು ಕಾಣದೆ, ಬಾಷಾ ಸಾಬರು ಹ್ಯಾಂಡಲ್ ಹಿಡಿದು ಭುಜ ಕೊಟ್ಟಿದ್ದರು. ಸನ್ನೆಗೋಲು ಮುಂದಕ್ಕೇ ಇತ್ತು. ಅದನ್ನು ಹಿಂದಕ್ಕೆ ಎಳೆಯುವುದು ಯಾರಿಗೂ ನೆನಪಾಗಿರಲಿಲ್ಲ.

"ರೀ! ಕೈ ತೆಗೀರಿ!"

ಆ ಕಾಲದಲ್ಲಿ ಸೊಸೆಯಾದವಳು ಮಾವನ ಎದುರು ಗಂಡನ ಜೊತೆ ಮೆಲ್ಲಗೆ ಮಾತಾಡುವುದೂ ಹೆಚ್ಚೇ. ನಾನು ಬಜಾರಿನ ತುದಿಗೆ ಕೇಳುವಂತೆ ಕಿರುಚಿದ್ದೆ. ಅವರು ಬೆಚ್ಚಿ ಹಿಂದಕ್ಕೆ ಹಾರಿದರು. ಹ್ಯಾಂಡಲ್ ಆಗಲೇ ತಿರುಗಿತ್ತು. ಎಂಜಿನ್ ಒಮ್ಮೆ 'ಧಡ್' ಎಂದಿತು, ಬೆಣೆ ಗೇಣುದ್ದ ಮುಂದೆ ಬಂತು, ಅವರ ಕೈ ಇದ್ದ ಜಾಗದಲ್ಲಿ ದಿಮ್ಮಿ ಲಟಲಟನೆ ಸೀಳಿ ಎರಡಾಗಿ ಬಿತ್ತು.

ನಾನು ಹೋಗಿ ಸನ್ನೆಗೋಲನ್ನು ಹಿಂದಕ್ಕೆ ಎಳೆದೆ. ಬಾಷಾ ಸಾಬರು "ಯಾ ಅಲ್ಲಾ" ಎಂದು ನೆಲದ ಮೇಲೆ ಕೂತುಬಿಟ್ಟರು. ಅತ್ತೆ ಒಳಗೆ ಹೋದವರು ರಂಗೋಲಿ ಡಬ್ಬಿ ಹಿಡಿದು ಬಂದು, "ಎಲ್ಲರೂ ಆಚೆ ನಡೀರಿ. ನನ್ನ ಸೊಸೆ ಒಬ್ಬಳೇ ನೋಡ್ಲಿ" ಎಂದು ತಾವೇ ಬಗ್ಗಿ ಸುತ್ತಲೂ ಗೆರೆ ಎಳೆದರು. ಮಾವ ಕೂಡ ಎರಡು ಹೆಜ್ಜೆ ಹಿಂದೆ ಸರಿದರು.

ಗೆರೆಯೊಳಗೆ ನಾನು ಮತ್ತು ಎಂಜಿನ್ನು. ಯಾರ ಸಲಹೆಯೂ ಇಲ್ಲದೆ ಯೋಚಿಸಲು ಆ ದಿನ ಮೊದಲ ಬಾರಿ ಬಿಡುವು ಸಿಕ್ಕಿತು. ಟ್ಯಾಂಕಿನ ಮುಚ್ಚಳ ತೆಗೆದು ನೋಡಿ ಹಾಕಿದಾಗಲೆಲ್ಲ ಒಂದಷ್ಟು ಹೊತ್ತು ಓಡುತ್ತದೆ, ಆಮೇಲೆ ನಿಲ್ಲುತ್ತದೆ. ಹಾಗಾದರೆ ಬೇಕಾಗಿರುವುದು ಸೀಮೆಎಣ್ಣೆಯಲ್ಲ, ಗಾಳಿ. ಅಡುಗೆಮನೆಯಲ್ಲಿ ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದರೆ ಎಣ್ಣೆ ಸುರಿಯುವುದಿಲ್ಲ, ಗಾಳಿ ಹೋಗಲು ಇನ್ನೊಂದು ತೂತು ಬೇಕು. ಈ ಟ್ಯಾಂಕಿಗೆ ಆ ಇನ್ನೊಂದು ತೂತು ಮುಚ್ಚಳದ ನೆತ್ತಿಯಲ್ಲಿ, ಸೂಜಿಮೊನೆಯಷ್ಟು. ನೋಡುತ್ತೇನೆ, ಅಲ್ಲಿ ಅತ್ತೆಯ ವಿಭೂತಿ ಗಾರೆಯಂತೆ ಒಣಗಿ ಕೂತಿದೆ, ಅದರ ಮೇಲೆ ದುಂಡನೆಯ ಕುಂಕುಮ!

ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು ಚುಚ್ಚಿದೆ. 'ಸುಯ್' ಎಂದು ಟ್ಯಾಂಕು ಉಸಿರೆಳೆದುಕೊಂಡಿತು. ಹೆಬ್ಬೆರಳನ್ನು ಪಕ್ಕಕ್ಕಿಟ್ಟು ಹ್ಯಾಂಡಲ್ ಹೊಡೆದೆ. ಆಮೇಲೆ ಅದು ನಾನಾಗಿ ನಿಲ್ಲಿಸುವವರೆಗೂ ನಿಲ್ಲಲಿಲ್ಲ. ಹುಣಸೆ, ಜಾಲಿ, ಮತ್ತಿ, ಏನಿಟ್ಟರೂ ಸೀಳಿತು. ಬಿಸಿಲು ಇಳಿಯುವ ಮುಂಚೆ ಕೊನೆಯ ಗಾಡಿ ತುಂಬಿ ಗೃಹಪ್ರವೇಶದ ಮನೆಯತ್ತ ಹೊರಟಿತು. ನನ್ನ ಕಿವಿಯಲ್ಲಿ ಎಂಜಿನ್ನು ಇನ್ನೂ ಓಡುತ್ತಲೇ ಇತ್ತು, ತಲೆಗೂದಲ ತುಂಬ ಸೌದೆ ಹೊಟ್ಟು. ಅಷ್ಟು ಚೆಂದವಾಗಿ ನಾನು ಮದುವೆಯ ದಿನವೂ ಕಂಡಿರಲಿಕ್ಕಿಲ್ಲ ಎಂದು ನನ್ನ ನಂಬಿಕೆ.

ಅತ್ತೆ ಮುಚ್ಚಳವನ್ನು ತಿರುಗಿಸಿ ಮುರುಗಿಸಿ ನೋಡಿದರು. "ಅಯ್ಯೋ ಶಿವನೇ, ನಾನು ಪೂಜೆ ಮಾಡೋಕೆ ಹೋಗಿ ಅದರ ಮೂಗೇ ಮುಚ್ಚಿದ್ನಲ್ಲೇ!" ಎಂದರು. ಮೊದಲು ನಕ್ಕದ್ದು ಬಾಷಾ ಸಾಬರು. ಆಮೇಲೆ ಎಲ್ಲರೂ ನಕ್ಕೆವು, ಬೆಳಗಿನಿಂದ ಹಿಡಿದಿಟ್ಟಿದ್ದ ಭಯವೆಲ್ಲ ಹೊರಬರುವಂತೆ ನಕ್ಕೆವು.

ಅಪ್ಪ ಜಗಲಿಯಿಂದ ಇಳಿದ. ಎಂಜಿನ್ನಿನತ್ತ ಕಣ್ಣು ಹಾಯಿಸಲೂ ಇಲ್ಲ. ನೇರ ಅಳಿಯನ ಬಳಿ ಹೋಗಿ ಅವರ ಎರಡೂ ಕೈಗಳನ್ನು ಹಿಡಿದು, ಮಗುಚಿ ನೋಡಿ, ಕಣ್ಣಿಗೊತ್ತಿಕೊಂಡ.

ಮಾವ ಗಂಟಲು ಸರಿಮಾಡಿಕೊಂಡು ಹತ್ತಿರ ಬಂದರು. ಅಷ್ಟು ಜನರ ಎದುರು ಬೆಳಿಗ್ಗೆ ಆಡಿದ ಮಾತನ್ನು ಅಷ್ಟೇ ಜನರ ಎದುರು ಹಿಂತೆಗೆದುಕೊಳ್ಳಬೇಕಿತ್ತು. ಅವರು ಹಿಂಜರಿಯಲಿಲ್ಲ. "ಬೀಗರೇ, ನಾನು ಅನ್ನಬಾರದ ಮಾತು ಅಂದೆ. ಮಿಷನ್ನು ಒಳ್ಳೇದಿದೆ" ಎಂದರು.

ಅಪ್ಪ ಜೇಬಿನಿಂದ ಬನ್ನಿ ತೆಗೆದು ಅವರ ಕೈಗಿಟ್ಟ. ಗೆರೆಯೊಳಗೆ ಬೆಣೆ ಒರೆಸುತ್ತಿದ್ದ ನನ್ನತ್ತ ನೋಡಿದ.

"ಮಿಷನ್ ಬಿಡಿ ಬೀಗರೇ, ಅದನ್ನ ಗುಜರಿ ಸಾಮಾನಿಂದ ಮಾಡಿದ್ದು" ಎಂದ. "ಇವಳಿಗೆ ಹಾಕಿದ್ದೆಲ್ಲ ಹೊಸ ಸಾಮಾನು."